ಹಳೆಯ ಮಗ್ಗದ ಮನೆಯಲ್ಲಿ ಕರಕುಶಲ ಅಂಗಡಿ: ಗದಗ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಗದಗ-ಬೆಟಗೇರಿ, ಗಜೇಂದ್ರಗಡ ಮತ್ತು ಸುತ್ತಿನ ಹಳ್ಳಿಗಳ ನೇಕಾರರ ಓಣಿಗಳಲ್ಲಿ ಬೀಗ ಬಿದ್ದ ಮಗ್ಗದ ಮನೆಗಳು ಬೇಕಾದಷ್ಟಿವೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ, ನೆಲದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಎರಡು ಮಳೆಗಾಲ ಮಾಳಿಗೆ ಸೋರಿದರೆ ಸಾಕು, "ಕೆಡವಿ ಆರ್‌ಸಿಸಿ ಹಾಕೋಣ" ಎಂಬ ಮಾತು ಶುರುವಾಗುತ್ತದೆ.

ಕೆಡವಬೇಡಿ. ಆ ಮನೆ ಅಂಗಡಿಯಾಗಬಲ್ಲದು, ಚೆನ್ನಾಗಿಯೇ ನಡೆಯಬಲ್ಲದು. ಆದರೆ ನನ್ನದು ಒಂದು ಷರತ್ತಿದೆ: ಅಂಗಡಿಯೊಳಗೆ ಕನಿಷ್ಠ ಒಂದು ಮಗ್ಗ ನಡೆಯುತ್ತಿರಬೇಕು. ಹತ್ತಿಯ ನೂಲು ಒಣಗಿದರೆ ಬೇಗ ತುಂಡಾಗುತ್ತದೆ, ಸ್ವಲ್ಪ ತೇವವಿದ್ದರೆ ಗಟ್ಟಿ ನಿಲ್ಲುತ್ತದೆ. ನಮ್ಮ ಬಿಸಿಲಿನಲ್ಲಿ ಆ ತೇವ ಉಳಿಯಲಿ ಅಂತಲೇ ಮಗ್ಗವನ್ನು ನೆಲಕ್ಕೆ ಹತ್ತಿರ ಹೂಡಿದ್ದು, ಗೋಡೆಗಳನ್ನು ಮಣ್ಣಿನಲ್ಲಿ ದಪ್ಪವಾಗಿ ಕಟ್ಟಿದ್ದು. ಲಾಳಿ, ಹಣಿಗೆಗಳ ಹಾಗೆ ಆ ಮನೆಯೂ ನೇಕಾರನ ಸಾಮಾನೇ. ಮಗ್ಗ ತೆಗೆದು ಬರೀ ಕಪಾಟು ಜೋಡಿಸಿದರೆ ಗಿರಾಕಿಗೆ ಅದು ಇನ್ನೊಂದು ಬಟ್ಟೆ ಅಂಗಡಿ ಅಷ್ಟೆ.

ನಾನು ಇಲ್ಲಿ ಮಗ್ಗದ ಮನೆಯನ್ನು ಇಟ್ಟುಕೊಂಡು ಹೇಳುತ್ತೇನೆ. ಹಾವೇರಿ ಕಡೆಯ ಕಂಬಾರರ ಕುಲುಮೆ, ಧಾರವಾಡ ಕಡೆಯ ಬಡಿಗೇರರ ಸಾಲೆ, ಹಳೆಯ ಗಾಣದ ಮನೆ ಯಾವುದಿದ್ದರೂ ದಾರಿ ಬಹುಪಾಲು ಇದೇ.

ಮೊದಲು ಕಾಗದ ಪತ್ರ

ಗೋಡೆ ಮುಟ್ಟುವ ಮೊದಲು ಉತಾರ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂಬ ದಾಖಲೆ, ನೋಡಿ. ಹಳ್ಳಿಯ ಗ್ರಾಮಠಾಣಾದಲ್ಲಿರುವ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು, ಅಂದರೆ ನಮೂನೆ 9 ಮತ್ತು 11. ಗದಗ-ಬೆಟಗೇರಿಯಂಥ ಊರಿನೊಳಗಿದ್ದರೆ ಸಿಟಿ ಸರ್ವೆ ಕಚೇರಿಯ ಸಿಟಿಎಸ್ ಉತಾರ. ಜೊತೆಗೆ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೂ ಪಡೆಯಬಹುದು.

ಹಳೆಯ ಮನೆಗಳಲ್ಲಿ ತೊಡಕು ಬರುವುದು ವಾರಸುದಾರರಿಂದ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ, ವಾಟ್ನಿ (ಪಾಲು ಹಂಚಿಕೆ) ಬಾಯಿಮಾತಿನಲ್ಲಿ ಆಗಿರುತ್ತದೆ. ಮೊದಲು ವಾರಸಾ ದಾಖಲು ಮಾಡಿಸಿ, ಎಲ್ಲ ಹಿಸ್ಸೆದಾರರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಮದುವೆಯಾಗಿ ಹೋದ ಅಕ್ಕ-ತಂಗಿಯರ ಸಹಿಯೂ ಬೇಕು, ಅವರೂ ಹಕ್ಕುದಾರರು. ಖಾಲಿ ಬಿದ್ದಿದ್ದಾಗ ಯಾರೂ ಕೇಳದ ಮನೆಯನ್ನು ಅಂಗಡಿ ನಡೆಯಲು ಶುರುವಾದ ಮೇಲೆ ಎಲ್ಲರೂ ಕೇಳುತ್ತಾರೆ.

ಮನೆ ನಿಮ್ಮದಲ್ಲದಿದ್ದರೆ ಲೀಸಿಗೆ ತಗೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರು ಸಾಮಾನ್ಯ ಅಂಗಡಿಗೆ ಸರಿ. ಮಾಳಿಗೆ ಬಿಚ್ಚಿ ಕಟ್ಟುವವರಿಗೆ ಅದು ಸಾಲದು. ಹತ್ತು ವರ್ಷದ ಲೀಸ್ ಮಾಡಿ, ರಿಪೇರಿಗೆ ಹಾಕಿದ ದುಡ್ಡು ಬಾಡಿಗೆಯಲ್ಲಿ ಎಷ್ಟು ಮುರಿಯುತ್ತದೆ ಎಂಬುದನ್ನು ಅದರಲ್ಲೇ ಬರೆಸಿ.

ನಮ್ಮ ಕಡೆ ಇನ್ನೊಂದು ವಿಷಯ ನೋಡಲೇಬೇಕು. ಲಕ್ಕುಂಡಿ, ಡಂಬಳ, ಅಣ್ಣಿಗೇರಿ, ಬಂಕಾಪುರ, ಗಳಗನಾಥ, ಗದಗಿನ ತ್ರಿಕೂಟೇಶ್ವರ, ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಹೀಗೆ ದಾರಿಗೊಂದು ಹಳೆಯ ಗುಡಿ ಇರುವ ಸೀಮೆ ಇದು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ನಿಯಂತ್ರಣವಿದೆ. ಈಗಿರುವ ಮನೆಯ ರಿಪೇರಿಗೆ ಅವಕಾಶವಿದೆ, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅನುಮತಿ ಮೊದಲೇ ಸಿಕ್ಕಿರಬೇಕು. ಇದರಿಂದ ನಿಮಗೆ ಲಾಭವೂ ಇದೆ. ಲಕ್ಕುಂಡಿಯಂಥ ಊರಲ್ಲಿ ಹಳೆಯ ಮನೆ ಕೆಡವಿದರೆ ಹೊಸದು ಕಟ್ಟಲು ಬಿಡದೆ ಇರಬಹುದು. ಇರುವುದನ್ನು ಉಳಿಸಿ ದುರಸ್ತಿ ಮಾಡಿಕೊಂಡವರಿಗೆ ದಾರಿ ಸಲೀಸು.

ಒಂದು ಮಳೆಗಾಲ ಕಾದು ನೋಡಿ

ಕೀಲಿ ಕೈಗೆ ಬಂದ ಕೂಡಲೇ ಗೌಂಡಿಯನ್ನು ಕರೆಯಬೇಡಿ. ಕಸ ಗುಡಿಸಿ, ಇಲಿ ಹೆಗ್ಗಣದ ಬಿಲ ಮುಚ್ಚಿ, ಬೀಳುವಂತಿರುವ ಕಡೆ ಆಸರೆ ಕಂಬ ಕೊಟ್ಟು, ಒಂದು ಮಳೆಗಾಲ ಸುಮ್ನೆ ನೋಡಿ. ನೀರು ಎಲ್ಲಿ ಇಳಿಯುತ್ತದೆ, ಯಾವ ಗೋಡೆಯ ಬುಡ ತೇವ ಎಳೆಯುತ್ತದೆ ಎಂಬುದನ್ನು ಮನೆಯೇ ತೋರಿಸುತ್ತದೆ.

ಬಿರುಕುಗಳನ್ನು ಗುರುತು ಹಾಕಿಕೊಳ್ಳಿ. ಬಿರುಕಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಗದಗ, ರೋಣ, ನರಗುಂದ, ನವಲಗುಂದದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಆದ್ದರಿಂದ ಮಳೆಗಾಲ, ಬೇಸಿಗೆ ಎರಡನ್ನೂ ನೋಡಿದ ಮೇಲೆಯೇ ಬಿರುಕಿನ ಲೆಕ್ಕ ಸಿಗುವುದು. ಎರಡರಲ್ಲೂ ಗಾಜು ಒಡೆಯದಿದ್ದರೆ ಅದು ಹಳೆಯ ಬಿರುಕು, ತುಂಬಿದರೆ ಸಾಕು.

ಈ ಅವಧಿಯಲ್ಲಿ ಮನೆಯ ನಕ್ಷೆ ಮಾಡಿಸಿ. ಪ್ರತಿ ಅಂಕಣದ (ಕಂಬಗಳ ನಡುವಿನ ಜಾಗ) ಅಳತೆ, ಕಂಬ, ಕಂಬದ ಮೇಲಿನ ಬೋದಿಗೆ, ತೊಲೆ, ತೊಲೆಯ ಮೇಲಿನ ಅಡ್ಡಮರವಾದ ಜಂತಿ ಎಲ್ಲದಕ್ಕೂ ಸುಣ್ಣದ ಕಡ್ಡಿಯಿಂದ ನಂಬರು ಹಾಕಿ ಫೋಟೋ ತೆಗೆಯಿರಿ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ವಿಭಾಗವಿದೆ. ಇಂಥ ಮನೆ ಅಳೆಯುವುದು ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ, ಕೇಳಿ ನೋಡಿ.

ಓಣಿಯ ಹಿರಿಯರ ಹತ್ತಿರ ಕೂತು ಮಾತಾಡುವುದು ಇದಕ್ಕಿಂತ ದೊಡ್ಡ ಕೆಲಸ. "ಅಜ್ಜಾರ, ಈ ಮಾಳಿಗಿಗೆ ಮಣ್ಣು ಎಲ್ಲಿಂದ ತರ್ತಿದ್ರಿ? ಇಲ್ಲಿ ಹಗೇವು ಎಲ್ಲಿತ್ರಿ?" ಅಂತ ಕೇಳಿ. ಹಗೇವಿನ ಪ್ರಶ್ನೆ ಮರೆಯಬೇಡಿ. ಜೋಳ ಇಡಲು ನೆಲದಡಿ ತೋಡಿದ ಹಗೇವುಗಳು ಎಷ್ಟೋ ಮನೆಗಳಲ್ಲಿ ಬಾಯಿ ಮುಚ್ಚಿಕೊಂಡು ಹಾಗೇ ಇವೆ. ಅದರ ಮೇಲೆ ಹತ್ತು ಜನ ಗಿರಾಕಿ ನಿಂತರೆ ನೆಲ ಕುಸಿಯಬಹುದು. ಗುದ್ದಲಿಯ ಹಿಡಿಯಿಂದ ನೆಲ ಬಡಿದು ನೋಡಿ, ಟೊಳ್ಳು ಸದ್ದು ಬಂದಲ್ಲಿ ಅಗೆಸಿ. ಒಳಗಿಳಿಯುವ ಮೊದಲು ಬಾಯಿ ತೆರೆದಿಟ್ಟು ಚೆನ್ನಾಗಿ ಗಾಳಿ ಆಡಲು ಬಿಡಿ. ಮುಚ್ಚಿದ ಹಗೇವಿನಲ್ಲಿ ಉಸಿರುಕಟ್ಟಿ ಜೀವ ಹೋಗುತ್ತದೆ. ಆಮೇಲೆ ಮೊರಂ ಹಾಕಿ ಪದರ ಪದರವಾಗಿ ದಮ್ಮಸು ಮಾಡಿ.

ಮಾಳಿಗೆ: ಹೆಚ್ಚು ಸಮಯ, ಹೆಚ್ಚು ದುಡ್ಡು ಇಲ್ಲಿಗೇ

ಮಣ್ಣಿನ ಮಾಳಿಗೆಗೆ ಶತ್ರು ನೀರು ಅಂತ ಎಲ್ಲರಿಗೂ ಗೊತ್ತು. ಭಾರವೂ ಅಷ್ಟೇ ದೊಡ್ಡ ಶತ್ರು. ಪ್ರತಿ ವರ್ಷ ಮಳೆಗೆ ಮೊದಲು ಒಂದು ಪದರ ಸವಳು (ಉಪ್ಪಿನಂಶದ) ಮಣ್ಣು ಹಾಕುವುದು ರೂಢಿ. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ ಮಣ್ಣು ಒಂದಡಿ, ಒಂದೂವರೆ ಅಡಿಗೆ ಏರಿಬಿಡುತ್ತದೆ. ಒಂದಡಿ ದಪ್ಪದ ಮಣ್ಣು ಒಂದು ಚದರ ಅಡಿಗೆ ಸುಮಾರು 45ರಿಂದ 50 ಕೆಜಿ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ನಾಲ್ಕೂವರೆಯಿಂದ ಐದು ಟನ್. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. 2019ರ ಆಗಸ್ಟ್ ಮಳೆ ಮತ್ತು ಮಲಪ್ರಭೆಯ ನೆರೆಯಲ್ಲಿ ಕೊಣ್ಣೂರು, ಹೊಳೆಆಲೂರಿನ ಕಡೆ ಬಿದ್ದ ಮನೆಗಳನ್ನು ನೋಡಿದವರಿಗೆ ನೆನೆದ ಮಣ್ಣಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕೆಲಸ ಶುರು ಮಾಡುವುದು ಯುಗಾದಿಗೆ ಒಂದೆರಡು ತಿಂಗಳ ಮೊದಲು. ಮಿರ್ಗದ (ಮೃಗಶಿರಾ) ಮಳೆ ಜೂನ್ ಮೊದಲ ವಾರಕ್ಕೆ ಬರುತ್ತದೆ, ಅದಕ್ಕೂ ಮುಂಚೆ ರೋಣಿ (ರೋಹಿಣಿ) ಮಳೆ. ಅಷ್ಟರೊಳಗೆ ಮಾಳಿಗೆ ಮುಚ್ಚಿರಬೇಕು.

ಮೊದಲು ಪ್ರತಿ ತೊಲೆಯ ಕೆಳಗೆ ಆಸರೆ ಕೊಡಿ. ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ಇಳಿಸುತ್ತಾ ಬನ್ನಿ. ಒಂದೇ ಬದಿ ಖಾಲಿ ಮಾಡಿದರೆ ತೊಲೆ ತಿರುಗಿಕೊಳ್ಳುತ್ತದೆ. ತೆಗೆದ ಮಣ್ಣನ್ನು ಮಾಳಿಗೆಯ ಮೇಲೆ ಗುಡ್ಡೆ ಹಾಕಿಸಬೇಡಿ, ಬುಟ್ಟಿಯಲ್ಲಿ ಕೂಡಲೇ ಕೆಳಗಿಳಿಸಿ. ಅದನ್ನು ಎಸೆಯಲೂ ಬೇಡಿ. ಜರಡಿ ಹಿಡಿದರೆ ಗೋಡೆಯ ಗಿಲಾವಿಗೆ (ಪ್ಲಾಸ್ಟರಿಗೆ) ಇದಕ್ಕಿಂತ ಹೊಂದುವ ಮಣ್ಣು ಬೇರೆ ಸಿಗದು.

ಈಗ ಮರ ನೋಡಿ. ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಲ್ಲಿ. ನಡುಭಾಗ ಗಟ್ಟಿಯಾಗಿ ಕಂಡರೂ ಮೋಸ ಹೋಗಬೇಡಿ, ತುದಿಯ ಸುತ್ತ ಸ್ವಲ್ಪ ಮಣ್ಣು ಬಿಡಿಸಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಒಳಗೆ ಹೋದರೆ ಆ ತುದಿ ಕೆಟ್ಟಿದೆ. ಪೂರ್ತಿ ತೊಲೆ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕೆಟ್ಟ ತುದಿ ಕತ್ತರಿಸಿ ಅದೇ ಜಾತಿಯ ಹಳೆಯ ಮರವನ್ನು ಬೆಸೆಯಬಹುದು, ಇಲ್ಲವೇ ಗೋಡೆಗೆ ಒತ್ತಿ ಒಂದು ಕಂಬ ನಿಲ್ಲಿಸಿ ಭಾರ ಹೊರಿಸಬಹುದು. ಹಳೆಯ ಸಾಗವಾನಿ, ಬೇವಿನ ತೊಲೆಗಳು ಮನೆ ಕೆಡವಿದ ಸಾಮಾನು ಮಾರುವ ಕಡೆ ಸಿಗುತ್ತವೆ. ಹಸಿ ಮರ ಮಾತ್ರ ತರಬೇಡಿ. ಈ ಹಂತದಲ್ಲಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಮನೆಯವರು ನಾಲ್ವರು ಇರುವ ಜಾಗ ಬೇರೆ, ಬಸ್ಸಿನ ಜನ ಒಟ್ಟಿಗೆ ಒಳಗೆ ಬರುವ ಜಾಗ ಬೇರೆ.

ಗೆದ್ದಲಿಗೆ ನಮ್ಮಲ್ಲಿ ಗಾಡಿಯ ಕರಿ ಎಣ್ಣೆ ಬಳಿಯುತ್ತಾರೆ. ಬಟ್ಟೆ ಅಂಗಡಿಗೆ ಅದು ಬೇಡ. ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಸೀರೆಗೆ ತಾಕಿದರೆ ಕಲೆ ಬಿಡುವುದಿಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಿರಿ, ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಮತ್ತೆ ಮುಚ್ಚುವಾಗ ಜಂತಿಯ ಮೇಲೆ ಹಲಗೆ, ಅದರ ಮೇಲೆ ಬೇವಿನ ತಪ್ಪಲು, ಆಮೇಲೆ ಹದ ಮಾಡಿದ ಮಣ್ಣನ್ನು ತೆಳು ಪದರಗಳಲ್ಲಿ ಹಾಕಿ ಬಡಿಸಿ. ಕೊನೆಯ ಪದರ ಸವಳು ಮಣ್ಣಿನದು. ಅದರಲ್ಲಿ ಹುಲ್ಲು ಹುಟ್ಟುವುದು ಕಡಿಮೆ, ನೀರು ಬಿದ್ದರೆ ಬಿಗಿದುಕೊಳ್ಳುತ್ತದೆ. ಒಟ್ಟು ಮಣ್ಣು ಆರೇಳು ಇಂಚು ದಾಟದಿರಲಿ. ಮೊದಲಿದ್ದುದರ ಅರ್ಧ ಭಾರ ಇಳಿಯುತ್ತದೆ. ಇಳಿಜಾರು ಹತ್ತಡಿಗೆ ಮೂರು ಇಂಚಾದರೂ ಇರಲಿ, ನೀರು ಹೋಗುವ ದೋಣಿ ಗೋಡೆಯಿಂದ ಎರಡಡಿ ಹೊರಗೆ ಚಾಚಿರಲಿ.

ತಾಡಪತ್ರಿ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು, ಆದರೆ ಮಣ್ಣಿನ ಎರಡು ಪದರಗಳ ನಡುವೆ. ಮೇಲೆ ನಾಲ್ಕು ಇಂಚು ಮಣ್ಣಿದ್ದರೆ ಬಿಸಿಲಿಗೆ ಸಿಕ್ಕಿ ಹರಿಯುವುದಿಲ್ಲ. ನೇರವಾಗಿ ಮರದ ಮೇಲೆ ಹಾಸಿದರೆ ಕೆಳಗಿನ ತೇವ ಅಲ್ಲೇ ನಿಂತು ಹಲಗೆ ಕೊಳೆಯುತ್ತದೆ. ಮಾಳಿಗೆಯ ಮೇಲೆ ತಗಡಿನ ಸೂರು ಹಾಕುವುದು ಇನ್ನೊಂದು ದಾರಿ. ನೋಡಲು ಚೆಂದವಿಲ್ಲ. ಆದರೂ ವರ್ಷ ವರ್ಷ ಮಾಳಿಗೆ ನೋಡಿಕೊಳ್ಳುವ ಆಳು ಸಿಗದ ಊರಲ್ಲಿ ನಾನು ಅದನ್ನು ಬೇಡ ಎನ್ನುವುದಿಲ್ಲ. ತಗಡಿಗೂ ಮಣ್ಣಿಗೂ ನಡುವೆ ಒಂದೂವರೆ ಅಡಿ ಗಾಳಿ ಆಡಲಿ. ಮಾಳಿಗೆ ಕಿತ್ತು ಆರ್‌ಸಿಸಿ ಹಾಕುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಮಣ್ಣಿನ ಗೋಡೆಗೆ ಆ ಭಾರ ಲೆಕ್ಕವಿಲ್ಲದೆ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನ ಆ ಕೋಣೆಯಲ್ಲಿ ಗಿರಾಕಿಯೂ ನಿಲ್ಲುವುದಿಲ್ಲ, ನೇಕಾರನೂ ಕೂರುವುದಿಲ್ಲ.

ಗೋಡೆಗೆ ಸಿಮೆಂಟ್ ಬೇಡ

ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ, ಗಾಳಿಗೆ ಬಿಡುತ್ತದೆ. ಸಿಮೆಂಟ್ ಗಿಲಾವು ಮಾಡಿದರೆ ಎಳೆದುಕೊಳ್ಳುವುದು ನಿಲ್ಲುವುದಿಲ್ಲ, ಬಿಡುವುದು ನಿಲ್ಲುತ್ತದೆ. ಹೊರಗೆ ನುಣುಪಾದ ಗೋಡೆ, ಒಳಗೆ ಮೆತ್ತಗಾದ ಮಣ್ಣು. ಕೆಲವು ವರ್ಷಕ್ಕೆ ಸಿಮೆಂಟು ಹೋಳು ಹೋಳಾಗಿ ಬೀಳುವಾಗ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಈಗಾಗಲೇ ಸಿಮೆಂಟ್ ಬಳಿದಿದ್ದರೆ ಬುಡದಿಂದ ಮೂರಡಿಯಷ್ಟನ್ನಾದರೂ ಮೊದಲು ಕೀಳಿಸಿ, ಗೋಡೆ ಒಣಗಲು ಬಿಡಿ.

ಬುಡ ಯಾಕೆ ಒದ್ದೆಯಾಗುತ್ತದೆ ಎಂದು ಹುಡುಕಿದರೆ ಬಹಳ ಕಡೆ ಉತ್ತರ ಓಣಿಯಲ್ಲೇ ಇರುತ್ತದೆ. ಒಂದರ ಮೇಲೊಂದು ಸಿಸಿ ರಸ್ತೆ ಹಾಕುತ್ತಾ ಓಣಿಯೇ ಹೊಸ್ತಿಲಿಗಿಂತ ಎತ್ತರವಾಗಿರುತ್ತದೆ. ಗೋಡೆಯ ಗುಂಟ ಒಂದೂವರೆ ಅಡಿ ಅಗಲದ ತಗ್ಗು ತೋಡಿಸಿ ಜಲ್ಲಿ ಕಲ್ಲು ತುಂಬಿ, ಅದರ ನೀರು ಗಟಾರಕ್ಕೆ ಹೋಗುವಂತೆ ಮಾಡಿ. ತಗ್ಗು ಬುನಾದಿಯ ಕಲ್ಲಿಗಿಂತ ಆಳ ಹೋಗಬಾರದು. ರಸ್ತೆ ಪಂಚಾಯಿತಿಯದು, ಹೇಳಿ ಒಪ್ಪಿಗೆ ಪಡೆದೇ ತೋಡಿಸಿ.

ಗಿಲಾವಿಗೆ ಮಾಳಿಗೆಯಿಂದ ಇಳಿಸಿದ ಮಣ್ಣು, ಉಸುಕು, ಹೊಟ್ಟು, ಸಗಣಿ ಸೇರಿಸಿ ನೀರು ಹಾಕಿ ತುಳಿಸಿ, ಒಂದು ವಾರವಾದರೂ ಕೊಳೆಯಲು ಬಿಡಿ. ಪ್ರಮಾಣ ಮಣ್ಣಿನ ಗುಣದ ಮೇಲೆ ಹೋಗುತ್ತದೆ. ಮೂರು ನಾಲ್ಕು ಬಗೆಯಲ್ಲಿ ಕಲಸಿ ಗೋಡೆಯ ಮೇಲೆ ಒಂದೊಂದು ಮೊಳ ಬಳಿದು ನೋಡಿ. ಒಣಗಿದಾಗ ಬಿರುಕು ಬಿಟ್ಟರೆ ಉಸುಕು ಸಾಲದು, ಕೈಗೆ ಪುಡಿ ಉದುರಿದರೆ ಉಸುಕು ಹೆಚ್ಚಾಗಿದೆ. ಮಳೆ ಬಡಿಯುವ ಹೊರಬದಿಗೆ, ಕಲ್ಲಿನ ಸಂದುಗಳಿಗೆ ಸುಣ್ಣದ ಗಚ್ಚು ಒಳ್ಳೆಯದು: ಅರಳಿಸಿದ ಸುಣ್ಣ ಒಂದು ಪಾಲು, ಉಸುಕು ಮೂರು ಪಾಲು. ಸುಣ್ಣವನ್ನು ಎರಡು ಮೂರು ವಾರ ನೀರಲ್ಲೇ ನೆನೆಯಲು ಬಿಡಬೇಕು. ಅವಸರ ಮಾಡಿದರೆ ಅರಳದ ಹರಳು ಆಮೇಲೆ ಗೋಡೆಯಲ್ಲೇ ಅರಳಿ ಗುಳಿ ಬೀಳುತ್ತದೆ. ಗಚ್ಚು ಬಳಿದ ಮೇಲೆ ಒಂದು ವಾರ ಒದ್ದೆ ಗೋಣಿ ತಟ್ಟು ಇಳಿಬಿಡಿ, ನೇರ ಬಿಸಿಲು ತಾಕಬಾರದು. ಸುಣ್ಣ ಅರಳಿಸುವವರಿಗೆ ಕನ್ನಡಕ, ಕೈಗವಸು ಕೊಡಿ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗುತ್ತದೆ.

ಕೊನೆಗೆ ತೆಳುವಾಗಿ ಮೂರು ಸಲ ಸುಣ್ಣ ಹೊಡೆಸಿ. ಪ್ಲಾಸ್ಟಿಕ್ ಪೇಂಟ್ ಬೇಡ, ಕಾರಣ ಸಿಮೆಂಟಿನದೇ. ಸುಣ್ಣದ ಗೋಡೆಯ ಮುಂದೆ ಇಳಕಲ್ ಸೀರೆಯ ಕೆಂಪು ಸೆರಗು ಎಷ್ಟು ಎದ್ದು ಕಾಣುತ್ತದೆ ಎಂಬುದನ್ನು ನೀವೇ ನೋಡಿ.

ಈ ಕೆಲಸ ಬಲ್ಲ ಹಿರಿಯ ಗೌಂಡಿಗಳು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಸಿಮೆಂಟ್ ಗೌಂಡಿಗಿಂತ ಅವರಿಗೆ ಹೆಚ್ಚು ಪಗಾರ ಕೊಡಿ, ಜೊತೆಗೆ ಇಬ್ಬರು ಹುಡುಗರನ್ನು ಕಲಿಯಲು ಹಚ್ಚಿ. ನಿಮ್ಮ ಮನೆಗೆ ಮುಂದಿನ ವರ್ಷವೂ ಅವರೇ ಬೇಕು.

ನೆಲ, ಬೆಳಕು, ಕರೆಂಟು

ನೆಲಕ್ಕೆ ಹಳೆಯ ಪರ್ಸಿ (ಹಾಸುಗಲ್ಲು) ಇದ್ದರೆ ಎತ್ತಿ, ಮಟ್ಟ ಮಾಡಿ ಮತ್ತೆ ಹಾಸಿ. ಟೈಲ್ಸ್ ಬೇಡ. ಮಗ್ಗದ ಸುತ್ತ ಸಗಣಿ ಸಾರಿಸಿದ ಮಣ್ಣಿನ ನೆಲವೇ ಇರಲಿ. ಬಳಸದ ಕುಣಿಗಳನ್ನು ಕಾಂಕ್ರೀಟಿನಿಂದ ಮುಚ್ಚಬೇಡಿ. ಉಸುಕು ತುಂಬಿ ಮೇಲೆ ಪರ್ಸಿ ಹಾಸಿದರೆ, ನಾಳೆ ಇನ್ನೊಬ್ಬ ನೇಕಾರ ಬಂದಾಗ ತೆಗೆದು ಬಳಸಬಹುದು. ಹೊಸ್ತಿಲು ಎತ್ತರವಿದ್ದರೆ ಗಾಲಿಕುರ್ಚಿಗೆ, ವಯಸ್ಸಾದವರಿಗೆ ಎತ್ತಿಡಬಲ್ಲ ಹಲಗೆಯ ಇಳಿಜಾರು ಮಾಡಿಸಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು.

ಬೆಳಕಿಂಡಿಗೆ ಟಫನ್ಡ್ ಗಾಜು ಹಾಕಿ, ನಾಲ್ಕೂ ಬದಿ ಗಾಳಿ ಆಡಲು ಜಾಗ ಬಿಟ್ಟು ಗಾಜನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿ. ಅಲ್ಲಿಂದ ಇಳಿಯುವ ಬೆಳಕು ಮಗ್ಗದ ಮೇಲೆ ಬೀಳಲಿ, ಮಡಚಿಟ್ಟ ಸೀರೆಯ ಮೇಲೆ ಬೀಳದಿರಲಿ. ಬಿಸಿಲಿಗೆ ಬಣ್ಣ ಹೋಗುತ್ತದೆ, ಮಡಿಕೆಯ ಗೆರೆ ಉಳಿದುಬಿಡುತ್ತದೆ.

ವೈರಿಂಗಿಗೆ ಮಣ್ಣಿನ ಗೋಡೆ ಕೊರೆಸಬೇಡಿ, ಹೊರಗೆ ಪೈಪಿನಲ್ಲಿ ಓಡಿಸಿ. ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಎಂಸಿಬಿ ಜೊತೆ, ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿಯೂ ಇರಲಿ. ನೂಲು, ಬಟ್ಟೆ, ಒಣ ಮರ ಒಟ್ಟಿಗೆ ಇರುವ ಜಾಗ, ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರವೇ ಇರಬೇಕು. ಶೌಚಾಲಯವನ್ನು ಹಿತ್ತಲಲ್ಲಿ, ಹಳೆಯ ಗೋಡೆಯಿಂದ ದೂರ ಕಟ್ಟಿಸಿ. ನೀರಿನ ಪೈಪು ಮಣ್ಣಿನ ಗೋಡೆಯೊಳಗೆ ಎಂದೂ ಹೋಗಬಾರದು.

ಮಗ್ಗ ಮತ್ತು ಅದರ ಮುಂದೆ ಕೂರುವವರು

ಒಂದು ಪೂರ್ತಿ ಅಂಕಣವನ್ನು ಮಗ್ಗಕ್ಕೆ ಬಿಡಿ. ಹಾಸು (ಉದ್ದದ ನೂಲು) ಚಾಚಲು, ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ರಾಟಿಗೆ, ನೂಲು ಇಡಲು ಅಷ್ಟು ಜಾಗ ಬೇಕೇ ಬೇಕು. ಗಿರಾಕಿ ನಿಲ್ಲುವ ಜಾಗಕ್ಕೂ ಮಗ್ಗಕ್ಕೂ ನಡುವೆ ಮೊಣಕಾಲೆತ್ತರದ ಕಟ್ಟೆ ಇರಲಿ. ಮಕ್ಕಳು ನೂಲಿಗೆ ಕೈ ಹಾಕಿದರೆ ಒಂದು ದಿನದ ಕೆಲಸ ಹೋಗುತ್ತದೆ.

ನೇಕಾರರಿಗೆ ಪಗಾರ ಹೇಗೆ? ಸೀರೆಯ ಲೆಕ್ಕದಲ್ಲಿ ಮಾತ್ರ ಕೊಟ್ಟರೆ ನಡೆಯುವುದಿಲ್ಲ. ಇಲ್ಲಿ ಅವರು ನೇಯುವುದರ ಜೊತೆಗೆ ಬಂದವರಿಗೆ ತೋರಿಸುತ್ತಾರೆ, ಹೇಳುತ್ತಾರೆ, ಕೆಲಸ ನಿಲ್ಲಿಸಿ ಉತ್ತರ ಕೊಡುತ್ತಾರೆ. ತಿಂಗಳಿಗೆ ಇಷ್ಟು ಎಂದು ಗಟ್ಟಿ ಮಾಡಿ, ನೇಯ್ದುದಕ್ಕೆ ಮೇಲೆ ಸೇರಿಸಿ ಕೊಡಿ. ಫೋಟೋ ತೆಗೆಯಬಹುದೇ ಬೇಡವೇ ಎಂಬುದು ಅವರ ಮಾತಿನ ಮೇಲೆ. ಮನೆಯೊಳಗಿನ ಹೆಣ್ಣುಮಕ್ಕಳು ಕಂಡಿಕೆ ಸುತ್ತುವುದಕ್ಕೆ, ಹಾಸು ಹೂಡುವುದಕ್ಕೆ ನಮ್ಮಲ್ಲಿ ಲೆಕ್ಕವೇ ಇಲ್ಲ. ಅವರ ಕೂಲಿಯನ್ನು ಅವರ ಕೈಗೇ ಕೊಡಿ.

ಏನು ಮಾರಬೇಕು

ನೂರು ಬಗೆ ಇಡುವ ಆಸೆ ಬೇಡ. ಸುತ್ತಲಿನ ಸೀಮೆಯದು ನಾಲ್ಕೈದು ಬಗೆ ಸಾಕು, ಆದರೆ ಪ್ರತಿಯೊಂದೂ ಎಲ್ಲಿಂದ, ಯಾರ ಕೈಯಿಂದ ಬಂತೆಂದು ನಿಮಗೆ ಗೊತ್ತಿರಬೇಕು.

ನಿಮ್ಮ ಮಗ್ಗದ ಸೀರೆ ಮೊದಲು. ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಹತ್ತಿಯ ಚೌಕಳಿ ಸೀರೆ, ದಿನಬಳಕೆಗೆ ಹೇಳಿ ಮಾಡಿಸಿದ್ದು. ಇಳಕಲ್ ಬಗೆಯದಾದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವುದನ್ನು ಗಿರಾಕಿಗೆ ತೋರಿಸಿ, ಬೆಲೆ ಯಾಕೆ ಅಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕಿದ್ದು, ಗಂಟು ಇರುವುದಿಲ್ಲ. ಹಿಂಬದಿ ತಿರುಗಿಸಿ ತೋರಿಸಿದರೆ ಯಂತ್ರದ ಕಸೂತಿಗೂ ಇದಕ್ಕೂ ಇರುವ ವ್ಯತ್ಯಾಸ ತಾನೇ ಕಾಣುತ್ತದೆ. ನವಲಗುಂದದ ಜಮಖಾನೆ ಹೆಣ್ಣುಮಕ್ಕಳೇ ನಿಲುವು ಮಗ್ಗದಲ್ಲಿ ನೇಯುವುದು, ಕೆಲವೇ ಮನೆಗಳಲ್ಲಿ ಉಳಿದಿದೆ. ಹಳೆಯ ಬಟ್ಟೆ ಜೋಡಿಸಿ ಹೊಲಿದ ಕೌದಿ ಮಾತ್ರ ಪ್ರತಿ ಊರಲ್ಲೂ ಇದೆ, ಅದಕ್ಕೇ ನಾವು ಅದರ ಬೆಲೆ ಮರೆತಿದ್ದೇವೆ. ಹಾವೇರಿಯವರಾದರೆ ಏಲಕ್ಕಿ ಹಾರ, ಕುರಿ ಉಣ್ಣೆಯ ಕಂಬಳಿ ಸೇರಿಸಿ.

ಪವರ್‌ಲೂಮಿನದನ್ನು ಕೈಮಗ್ಗದ್ದೆಂದು ಮಾರಬೇಡಿ. ಇಡಲೇಬಾರದು ಎನ್ನುವುದು ನನ್ನ ಮಾತು. ಪಕ್ಕಪಕ್ಕ ಇಟ್ಟರೆ ಕಡಿಮೆ ಬೆಲೆಯದೇ ಹೋಗುತ್ತದೆ, ಮಗ್ಗ ನಿಲ್ಲುತ್ತದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತು ಚೀಟಿ ಇದೆ, ನೋಂದಾಯಿಸಿಕೊಂಡು ಹಚ್ಚಿ. ಇಳಕಲ್ ಸೀರೆ, ಕಸೂತಿ, ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಹೆಸರುಗಳನ್ನು ಅಸಲಿ ಮಾಲಿಗೆ ಮಾತ್ರ ಬಳಸಿ.

ಕುಶಲಕರ್ಮಿಗಳಿಂದ ಮಾಲನ್ನು "ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು" ಎಂದು ತಗೊಳ್ಳಬೇಡಿ. ನೂಲಿಗೆ ಹಾಕಿದ ದುಡ್ಡು ಸಿಗದೆ ಮುಂದಿನ ಹಾಸು ಹೂಡಲಾಗದವರೇ ಹೆಚ್ಚು. ಕಡಿಮೆ ತಗೊಳ್ಳಿ, ನಗದು ಕೊಟ್ಟು ತಗೊಳ್ಳಿ.

ಬೆಲೆ ಕಟ್ಟುವುದು ಕೂಲಿಯಿಂದ ಶುರುವಾಗಲಿ. ಕೌದಿ ಹೊಲಿಯುವ ಅಕ್ಕನಿಗೆ ದಿನಾ ಎಷ್ಟು ತಾಸು ಕೂತರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ಲೆಕ್ಕಕ್ಕೆಂದು 60 ತಾಸು, ತಾಸಿಗೆ 60 ರೂಪಾಯಿ ಹಿಡಿದರೆ ಕೂಲಿ 3,600. ಬಟ್ಟೆ, ದಾರ 400. ಅವರ ಕೈಗೆ 4,000 ಹೋಗಬೇಕು. ಅಂಗಡಿಯ ಖರ್ಚು, ವರ್ಷದ ದುರಸ್ತಿಗೆಂದು ಎತ್ತಿಡುವ ಮಾಳಿಗೆಯ ನಿಧಿ ಸೇರಿ 1,200 ಹಾಕಿದರೆ ಮಾರುವ ಬೆಲೆ 5,200. ಈ ಲೆಕ್ಕವನ್ನು ಚೀಟಿಯ ಹಿಂದೆ ಬರೆದೇ ಇಡಿ. ಚೌಕಾಸಿ ತಾನಾಗಿಯೇ ಕಡಿಮೆಯಾಗುತ್ತದೆ.

ಸಾಲ, ಸಹಾಯ, ನೋಂದಣಿ

ಪಂಚಾಯಿತಿ ಅಥವಾ ನಗರಸಭೆಯ ವ್ಯಾಪಾರ ಪರವಾನಗಿ ಬೇಕು. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಸರಕು ಮಾರಾಟದ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೊರರಾಜ್ಯಕ್ಕೆ ಕಳಿಸುವುದಾದರೆ ನಿಯಮ ಬೇರೆ, ಲೆಕ್ಕ ಪರಿಶೋಧಕರನ್ನು ಮೊದಲೇ ಕೇಳಿ.

ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯಲ್ಲಿ ಹಳ್ಳಿಯ ಘಟಕಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು ಮತ್ತು ಪರಿಶಿಷ್ಟರು ಸೇರಿ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ. ಜಾಗದ ಬೆಲೆಯನ್ನು ಯೋಜನೆಯಲ್ಲಿ ತೋರಿಸುವಂತಿಲ್ಲ. ಅರ್ಜಿಯಲ್ಲಿ ನೇಯ್ಗೆ, ಹೊಲಿಗೆಯನ್ನು ಮುಂದಿಟ್ಟು ಉತ್ಪಾದನಾ ಘಟಕವೆಂದು ಬರೆಯಿರಿ. ಮಗ್ಗ ಒಳಗೇ ನಡೆಯುತ್ತಿರುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕೈಮಗ್ಗದ ನೇಕಾರರು ಇಲ್ಲ. ಆದರೆ ಬಡಿಗರು, ಕಂಬಾರರು, ಗೌಂಡಿಗಳು, ದರ್ಜಿಗಳು, ಬುಟ್ಟಿ ಹೆಣೆಯುವವರು, ಹಾರ ಕಟ್ಟುವವರು ಇದ್ದಾರೆ. ನಿಮಗೆ ಮಾಲು ಕೊಡುವವರಿಗೂ, ನಿಮ್ಮ ಗೌಂಡಿಗೂ ಇದನ್ನು ತಿಳಿಸಿ. ನೇಕಾರರು ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ ನೇಕಾರರ ಮುದ್ರಾ ಸಾಲ ಕೇಳಬೇಕು. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ನಿಯಮ ನೋಡಿಕೊಳ್ಳಿ.

ಒಬ್ಬರೇ ಮಾಡುವುದಕ್ಕಿಂತ ಹತ್ತು ನೇಕಾರ ಮನೆಗಳು ಸೇರಿ ಸಹಕಾರಿ ಸಂಘ ಮಾಡಿಕೊಂಡರೆ ಒಳ್ಳೆಯದು ಎಂಬುದು ನನ್ನ ನಂಬಿಕೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆ ಇದು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ 1957ರಿಂದ ನಡೆದುಕೊಂಡು ಬಂದಿದೆ, ಅಲ್ಲಿಂದ ದೇಶಕ್ಕೆಲ್ಲ ರಾಷ್ಟ್ರಧ್ವಜ ಹೋಗುತ್ತದೆ. ಕೂಡಿ ಮಾಡುವುದು ನಮಗೆ ಹೊಸದಲ್ಲ.

ಬಾಗಿಲು ತೆರೆಯುವ ಕಾಲ

ದೀಪಾವಳಿ ಪಾಡ್ಯ ಒಳ್ಳೆಯ ದಿನ. ಮಳೆ ಕಳೆದಿರುತ್ತದೆ, ಮಾಳಿಗೆಯ ಪರೀಕ್ಷೆ ಮುಗಿದಿರುತ್ತದೆ. ಆ ಹೊತ್ತಿನಿಂದ ಫೆಬ್ರುವರಿವರೆಗೆ ಹುಬ್ಬಳ್ಳಿ-ಗದಗ-ಹಂಪಿ ದಾರಿಯಲ್ಲಿ ಪ್ರವಾಸಿಗರು ಹೆಚ್ಚು. ಲಕ್ಕುಂಡಿಗೆ ಬಂದವರು ಗುಡಿ ನೋಡಿ ನೇರ ಹೊಸಪೇಟೆಗೆ ಹೋಗಿಬಿಡುತ್ತಾರೆ. ಅವರ ಗಾಡಿ ಡ್ರೈವರುಗಳಿಗೆ, ಗೈಡುಗಳಿಗೆ ನಿಮ್ಮ ಅಂಗಡಿ ಗೊತ್ತಿರಬೇಕು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ ಇದೆ. ಬನಶಂಕರಿ ನೇಕಾರರ ಮನೆದೇವರು, ಆ ದಿನಗಳಲ್ಲಿ ಮಗ್ಗ ನಿಲ್ಲುತ್ತದೆ ಎಂದು ಮೊದಲೇ ಬೋರ್ಡು ಹಾಕಿ.

ಪ್ರವಾಸಿಗರನ್ನು ಮಾತ್ರ ನಂಬಿ ಕೂರಬೇಡಿ. ಊರವರು ಬರುವಂಥ ವಸ್ತುಗಳೂ ಇರಲಿ: ಟವೆಲ್, ಕುಬಸದ ಖಣ, ಕೂಸಿನ ಕುಂಚಿಗೆ, ಚಿಕ್ಕ ಕೌದಿ. ಮದುವೆ, ಸೀಮಂತ, ತೊಟ್ಟಿಲು ಕಾರ್ಯಕ್ಕೆ ಓಣಿಯವರೇ ಬರತೊಡಗಿದರೆ ಬೇಸಿಗೆಯಲ್ಲೂ ವ್ಯಾಪಾರ ನಿಲ್ಲುವುದಿಲ್ಲ.

ವರ್ಷದ ಕೆಲಸ

ಮಣ್ಣಿನ ಮನೆ ಪ್ರತಿ ವರ್ಷ ಕೈ ಕೇಳುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಹುಲ್ಲು ಕಿತ್ತು, ಸಡಿಲ ಮಣ್ಣು ಕೆರೆದು, ತೆಗೆದಷ್ಟೇ ಸವಳು ಮಣ್ಣು ಹಾಕಿ. ದೋಣಿಗಳನ್ನು ಚೊಕ್ಕ ಮಾಡಿ, ಒಂದು ಕೊಡ ನೀರು ಸುರಿದು ಹರಿಯುವುದನ್ನು ನೋಡಿ. ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ಮರುದಿನ ತೊಲೆಯ ತುದಿಗಳನ್ನು ಕೈಯಿಂದ ಮುಟ್ಟಿ ನೋಡಿ, ತೇವವಿದ್ದರೆ ಮೇಲೆ ಎಲ್ಲೋ ಬಾಯಿ ಬಿಟ್ಟಿದೆ. ದಸರೆಗೆ ಗಿಲಾವಿನ ಗಾಯಗಳನ್ನು ಮುಚ್ಚಿ ಸುಣ್ಣ ಹೊಡೆಸಿ. ಗೆದ್ದಲ ಗೆರೆ ಕಂಡರೆ ಅಂದೇ ಕೆರೆದು ಬೋರಾಕ್ಸ್ ನೀರು ಹಚ್ಚಿ.

ಇದಕ್ಕೆಲ್ಲ ದುಡ್ಡು ಬೇಕು, ಅದಕ್ಕೇ ಬೆಲೆಯಲ್ಲೇ ಮಾಳಿಗೆಯ ನಿಧಿ ಸೇರಿಸಲು ಹೇಳಿದ್ದು. ಆ ಹಣಕ್ಕೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆಗೆಯಿರಿ, ಎಷ್ಟೇ ಬಿಗಿ ಬಂದರೂ ನೂಲಿಗೆ, ಪಗಾರಕ್ಕೆ ಅದನ್ನು ಮುಟ್ಟಬೇಡಿ. ಯಾವ ವರ್ಷ ಯಾವ ತೊಲೆ ಬದಲಾಯಿತು, ಮಣ್ಣು ಯಾವ ಹೊಲದಿಂದ ತಂದಿರಿ, ಗಚ್ಚಿನ ಪ್ರಮಾಣ ಏನಿತ್ತು, ಗೌಂಡಿ ಯಾರು ಎಂಬುದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡಿ. ಮೊದಲು ಮಾಡಿಸಿದ ನಕ್ಷೆ, ನಂಬರು ಹಾಕಿದ ಫೋಟೋಗಳನ್ನೂ ಅದರ ಜೊತೆಗೇ ಕಟ್ಟಿಡಿ, ಒಂದು ಪ್ರತಿ ಪಂಚಾಯಿತಿಗೂ ಕೊಡಿ.